ಡಿವಿಡೆಂಡು ಕೊಡುವ ಷೇರುಗಳನ್ನು ಆರಿಸುವ ಬಗೆ



ಬಿತ್ತನೆ, ಗೊಬ್ಬರ, ಕೀಟಬಾಧೆಗಳ ಮಾತಿನ ನಡುವೆ ಈ ಹೊತ್ತು ಕಂಪನಿ ಷೇರಿನ ಮಾತೇಕೆ ಬಂತು ಎಂದು ತಾವು ಕೇಳಬಹುದು. ಕಾರಣವಿದೆ. ತೆಂಗಿನ ಸೀಮೆಯ ಹಳ್ಳಿಗಳಲ್ಲಿ ತಿರುಗುವಾಗ ಜನ ನನ್ನನ್ನು ಕಪ್ಪುತಲೆ ಹುಳುವಿನ ಬಗ್ಗೆ ಎಷ್ಟು ಕೇಳುತ್ತಾರೋ, ಈಗೀಗ ದುಡ್ಡಿನ ಬಗ್ಗೆಯೂ ಅಷ್ಟೇ ಕೇಳುತ್ತಾರೆ. ಹೆದ್ದಾರಿಗೋ ರೈಲು ಹಾದಿಗೋ ಎರಡು ಎಕರೆ ಹೋಗಿ ಪರಿಹಾರದ ಹಣ ಬಂದಿರುತ್ತದೆ. ಇಲ್ಲವೇ ೨೦೨೫ರಲ್ಲಿ ತಿಪಟೂರು ಪೇಟೆಯಲ್ಲಿ ಕೊಬ್ಬರಿ ಧಾರಣೆ ಹಿಂದೆಂದೂ ಇಲ್ಲದಷ್ಟು ಏರಿತಲ್ಲ, ಅಂಥ ವರ್ಷದಲ್ಲಿ ಸಾಲವೆಲ್ಲಾ ತೀರಿ ನಾಲ್ಕು ಕಾಸು ಕೈಯಲ್ಲಿ ನಿಂತಿರುತ್ತದೆ. ಸಂಬಳದವರಿಗೆ ಬರುವಂಥ ಪಿಂಚಣಿ ಬೇಸಾಯಗಾರನಿಗಿಲ್ಲ. ಮೈಯಲ್ಲಿ ಕಸುವಿರುವ ತನಕ ನೇಗಿಲು, ಆಮೇಲೆ ಮಕ್ಕಳ ಕೈ. ಹೀಗಿರುವಾಗ, "ಒಳ್ಳೆ ಕಂಪನಿ ಷೇರು ಕೊಂಡಿಟ್ಟರೆ ವರ್ಷಾ ವರ್ಷಾ ಡಿವಿಡೆಂಡು ಬರುತ್ತದಂತಲ್ಲ ಸಾರ್, ಕೂತಲ್ಲೇ ವರಮಾನವಂತಲ್ಲ, ನಿಜವೇ?" ಎಂದು ಕೇಳುವುದು ಸಹಜವೇ.

ನಿಜವೇನೋ ಹೌದು. ಆದರೆ ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಮಾತೂ ನಮ್ಮಲ್ಲಿ ಉಂಟು. ಡಿವಿಡೆಂಡಿನ ವರಮಾನ ಬರುವುದು ಕುಡಿಕೆಯ ಹೊನ್ನಿನಿಂದಲೋ, ವರ್ಷ ವರ್ಷ ಹುಟ್ಟುವ ಫಲದಿಂದಲೋ ಎಂಬುದನ್ನು ಗುರುತಿಸಲು ಬಂದರೆ ಈ ವಿದ್ಯೆ ಮುಕ್ಕಾಲು ಪಾಲು ಬಂದಂತೆ. ಇಂಥ ಕಂಪನಿಯ ಷೇರನ್ನೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹಾಗೆ ಸಲಹೆ ಕೊಡುವ ಕಸುಬು ಮಾಡಬೇಕಾದರೆ ಸೆಬಿ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ನನ್ನ ಕೈಲಿರುವುದು ಕೃಷಿ ಡಿಪ್ಲೊಮಾ. ಕೆಳಗೆ ಕಂಪನಿಗಳ ಹೆಸರು ಬಂದಲ್ಲೆಲ್ಲಾ ಅದು ಉದಾಹರಣೆಗೆಂದು ಮಾತ್ರ ತಿಳಿಯಬೇಕು.

ಷೇರು ಎಂಬುದು ನಮ್ಮ ರೈತರಿಗೆ ಹೊಸ ಮಾತಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದೇ ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ, ೧೯೦೫ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಅಂದಿನಿಂದ ಇಂದಿನವರೆಗೆ ಊರೂರಿನ ಸೊಸೈಟಿಯಲ್ಲಿ ನಾವು ಷೇರು ಹಣ ಕಟ್ಟಿದ್ದೇವೆ. ಲಾಭ ಬಂದ ವರ್ಷ ಮಹಾಸಭೆಯಲ್ಲಿ ಡಿವಿಡೆಂಡು ಇಷ್ಟು ಎಂದು ಓದಿ ಹೇಳಿದ್ದನ್ನು ಕೇಳಿದ್ದೇವೆ. ಈ ಹಳೆಯ ಪರಿಚಯವೇ ಕಂಪನಿ ಷೇರಿಗೆ ಬಂದಾಗ ಒಂದು ಕಡೆ ಕಾಲು ಜಾರಿಸುತ್ತದೆ. ಅದನ್ನು ಮೊದಲು ಬಿಡಿಸಿಕೊಳ್ಳೋಣ.

ಸೊಸೈಟಿಯ ನೂರು ರೂಪಾಯಿ ಷೇರನ್ನು ತಾವು ನೂರಕ್ಕೇ ಕೊಂಡಿರಿ. ಬಿಟ್ಟುಕೊಟ್ಟರೆ ನೂರೇ ವಾಪಸು. ಆದ್ದರಿಂದ ನೂರಕ್ಕೆ ಹತ್ತು ಡಿವಿಡೆಂಡು ಎಂದರೆ ತಾವು ಹಾಕಿದ ಹಣಕ್ಕೆ ನಿಜವಾಗಿ ನೂರಕ್ಕೆ ಹತ್ತು. ಪೇಟೆಯ ಕಂಪನಿ ಷೇರು ಹಾಗಲ್ಲ. ಅದಕ್ಕೆ ಎರಡು ಬೆಲೆ. ಒಂದು ಕಾಗದದ ಮೇಲಿನ ಮುಖಬೆಲೆ, ಅದು ಒಂದೋ ಎರಡೋ ಹತ್ತೋ ರೂಪಾಯಿ. ಇನ್ನೊಂದು ಆ ದಿನದ ಪೇಟೆ ಬೆಲೆ, ಅದು ನೂರೂ ಇರಬಹುದು, ಎರಡು ಸಾವಿರವೂ ಇರಬಹುದು. ಕಂಪನಿಯವರು "ಐನೂರು ಪರ್ಸೆಂಟ್ ಡಿವಿಡೆಂಡು" ಎಂದು ಸಾರಿದರೆ ಅದು ಮುಖಬೆಲೆಯ ಮೇಲಿನ ಲೆಕ್ಕ. ಮುಖಬೆಲೆ ಒಂದು ರೂಪಾಯಿ ಆಗಿದ್ದರೆ ಕೈಗೆ ಬರುವುದು ಐದು ರೂಪಾಯಿ. ಆ ಷೇರನ್ನು ತಾವು ಸಾವಿರ ರೂಪಾಯಿಗೆ ಕೊಂಡಿದ್ದರೆ ನೂರಕ್ಕೆ ಅರ್ಧ ರೂಪಾಯಿ ಸಿಕ್ಕಿತು, ಅಷ್ಟೆ! ಆದ್ದರಿಂದ ಪರ್ಸೆಂಟಿನ ಮಾತು ಕಿವಿಗೆ ಬಿದ್ದ ಕೂಡಲೇ ಎರಡು ಪ್ರಶ್ನೆ ಕೇಳಿ: ಷೇರೊಂದಕ್ಕೆ ಎಷ್ಟು ರೂಪಾಯಿ? ಇವತ್ತಿನ ಪೇಟೆ ಬೆಲೆ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದೇ ಡಿವಿಡೆಂಡಿನ ಇಳುವರಿ. ಎಕರೆಗೆ ಇಷ್ಟು ಕ್ವಿಂಟಾಲು ಎನ್ನುವ ಹಾಗೆ, ನೂರು ರೂಪಾಯಿಗೆ ಇಷ್ಟು.

ಇಳುವರಿ ಲೆಕ್ಕ ಬಂತು. ಇನ್ನು ಹೆಚ್ಚು ಇಳುವರಿಯದನ್ನು ಹುಡುಕಿ ಕೊಂಡುಬಿಡುವುದು ತಾನೇ ಎಂದು ತಾವು ಅನ್ನಬಹುದು. ಇಲ್ಲಿಯೇ ತಡೆಯಬೇಕು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ತಾಯಿಗೆ ಅರವತ್ತರ ಮೇಲೆ ಆಗಿದೆ, ಯಜಮಾನರಿಲ್ಲ. ಇದ್ದ ಎರಡೂವರೆ ಎಕರೆಯಲ್ಲಿ ಎರಡು ರಸ್ತೆಗೆ ಹೋಯಿತು. ಆ ಪರಿಹಾರದ ಹಣವೇ ಅವರ ಮುಂದಿನ ಬದುಕೆಲ್ಲಾ. ಮಗ ಓದಿದವನು. ಫೋನಿನಲ್ಲಿ ಒಂದು ಪಟ್ಟಿ ತೆಗೆದು ತೋರಿಸಿದ. ಇಳುವರಿ ಹೆಚ್ಚಿರುವ ಕಂಪನಿ ಮೇಲೆ, ಕಡಮೆಯದು ಕೆಳಗೆ. ಮೇಲಿನ ಐದಾರರಲ್ಲಿ ಹಣವೆಲ್ಲಾ ಹಾಕಿಬಿಟ್ಟರೆ ನೂರಕ್ಕೆ ಹನ್ನೆರಡು ಬರುತ್ತದೆ, ಬ್ಯಾಂಕಿನಲ್ಲಿ ಯಾಕೆ ಇಡಬೇಕು ಅಂತ ಅವನ ವಾದ. ಆ ತಾಯಿ ಏನೂ ಮಾತಾಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಬಾಂಧವರೇ, ಪಟ್ಟಿಯ ಲೆಕ್ಕ ತಪ್ಪಲ್ಲ. ಆದರೆ ಅದು ಹಿಂದಿನ ವರ್ಷ ಕೊಟ್ಟ ಡಿವಿಡೆಂಡನ್ನು ಇವತ್ತಿನ ಬೆಲೆಯಿಂದ ಭಾಗಿಸಿದ ಲೆಕ್ಕ. ಇನ್ನೂರು ರೂಪಾಯಿ ಇದ್ದ ಷೇರು ಹತ್ತು ರೂಪಾಯಿ ಕೊಡುತ್ತಿದ್ದರೆ ಇಳುವರಿ ನೂರಕ್ಕೆ ಐದು. ಕಂಪನಿಯ ಸ್ಥಿತಿ ಕೆಟ್ಟು ಬೆಲೆ ಎಂಬತ್ತಕ್ಕೆ ಬಿದ್ದರೆ ಅದೇ ಹತ್ತು ರೂಪಾಯಿ ನೂರಕ್ಕೆ ಹನ್ನೆರಡೂವರೆಯಾಗಿ ಕಾಣಿಸುತ್ತದೆ! ಒಣಗುವ ಮುಂಚೆ ಮರ ಕಾಯಿ ತುಂಬಿಕೊಂಡು ನಿಲ್ಲುವುದುಂಟು. ಹೊರಗಿನವನು ಅದನ್ನೇ ಸೊಂಪು ಅಂದುಕೊಳ್ಳುತ್ತಾನೆ. ಮುಂದಿನ ವರ್ಷ ಆ ಹತ್ತು ರೂಪಾಯಿ ಬರುತ್ತದೆಯೇ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಬಿತ್ತನೆಕಾಯಿಗೆ ತಾಯಿಮರ ಆರಿಸುವಾಗ ನಾವು ಹೇಳಿಕೊಟ್ಟಿರುವುದನ್ನು ನೆನೆಯಿರಿ. ನೀರಿನ ಆಸರೆಯಲ್ಲಿ ವರ್ಷಕ್ಕೆ ಎಂಬತ್ತು ಕಾಯಿಗೆ ಕಡಮೆಯಿರಬಾರದು. ಒಂದು ವರ್ಷ ಇನ್ನೂರು, ಮರು ವರ್ಷ ಮೂವತ್ತು ಎನ್ನುವ ಮರ ಬೇಡ. ಪ್ರತಿವರ್ಷ ತಪ್ಪದೆ ಬಿಡುವ, ವಯಸ್ಸಿಗೆ ಬಂದ ಮರವಾಗಬೇಕು. ಇನ್ನೊಂದು ಮಾತು, ಇದನ್ನೇ ಜನ ಮರೆಯುವುದು: ಮನೆಯ ಬಚ್ಚಲ ನೀರು ಹರಿಯುವ ಕಡೆ, ತಿಪ್ಪೆಗುಂಡಿಯ ಮಗ್ಗುಲಲ್ಲಿ ನಿಂತ ಮರ ಎಷ್ಟೇ ಕಾಯಿ ಬಿಡಲಿ, ಅದರಿಂದ ಬಿತ್ತನೆ ತೆಗೆಯಬಾರದು. ಆ ಕಾಯಿ ತಿಪ್ಪೆಯ ಬಲದ್ದು, ಮರದ ಬಲದ್ದಲ್ಲ. ಷೇರಿಗೂ ಈ ಕಣ್ಣೇ ಬೇಕು. ಹತ್ತು ವರ್ಷದ ಡಿವಿಡೆಂಡಿನ ಚರಿತ್ರೆ ತೆಗೆದು ನೋಡಿ. ಬರಗಾಲದಂಥ ವರ್ಷದಲ್ಲಿಯೂ ಕೊಟ್ಟಿದೆಯೇ? ಮೆಲ್ಲಮೆಲ್ಲನೆ ಏರಿದೆಯೇ? ಒಂದು ವರ್ಷ ಹೆಚ್ಚು ಕೊಟ್ಟಿದ್ದರೆ ಅದು ಯಾವ ತಿಪ್ಪೆಯ ಬಲ?

ಎರಡು ಉದಾಹರಣೆ ಕೊಡುತ್ತೇನೆ. ಕೋಲ್ ಇಂಡಿಯಾ ಎಂಬುದು ಕೇಂದ್ರ ಸರ್ಕಾರದ ಕಲ್ಲಿದ್ದಲು ಕಂಪನಿ. ೨೦೧೦ರಲ್ಲಿ ಅದರ ಷೇರನ್ನು ೨೪೫ ರೂಪಾಯಿಯಂತೆ ಸಾರ್ವಜನಿಕರಿಗೆ ಮಾರಿದರು. ೨೦೧೩-೧೪ನೆಯ ಸಾಲಿಗೆ ಅದು ಷೇರೊಂದಕ್ಕೆ ೨೯ ರೂಪಾಯಿ ಡಿವಿಡೆಂಡು ಕೊಟ್ಟಿತು. ಆಗಿನ ಬೆಲೆಗೆ ನೂರಕ್ಕೆ ಹತ್ತರ ಹತ್ತಿರ ಬಂತು. ಆದರೆ ಒಟ್ಟು ಹಂಚಿದ ಆ ಹದಿನೆಂಟು ಸಾವಿರ ಕೋಟಿ ರೂಪಾಯಿ ಆ ವರ್ಷ ಕಂಪನಿ ಗಳಿಸಿದ ಲಾಭಕ್ಕಿಂತ ಹೆಚ್ಚು! ಹಿಂದೆ ಕೂಡಿಟ್ಟಿದ್ದ ಕಣಜ ತೆಗೆದು ಕೊಟ್ಟದ್ದು. ಷೇರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಆಗ ಸರ್ಕಾರದ್ದೇ ಆಗಿತ್ತು, ಖಜಾನೆಗೆ ಹಣ ಬೇಕಾಗಿತ್ತು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಪ್ರತಿವರ್ಷ ೨೯ ಬರುತ್ತದೆಂದು ಲೆಕ್ಕ ಹಾಕಿ ಕೊಂಡವರಿಗೆ ೨೦೧೯-೨೦ರಲ್ಲಿ ಬಂದದ್ದು ೧೨ ರೂಪಾಯಿ. ೨೦೨೦ರ ಕೊರೋನಾ ಕಾಲದಲ್ಲಿ ಷೇರಿನ ಬೆಲೆಯೂ ೧೫೦ಕ್ಕಿಂತ ಕೆಳಗೆ ಇಳಿದಿತ್ತು. ಆಮೇಲೆ ಕಲ್ಲಿದ್ದಲಿಗೆ ಬೇಡಿಕೆ ಬಂದು ಎರಡೂ ಮತ್ತೆ ಏರಿದುವೆನ್ನಿ. ಮಾವಿನ ಮರದ ಹಾಗೆ ಏರಿಳಿತವಿರುವ ಕಸುಬು ಇದು. ಅಂಥದನ್ನು ಕೊಳ್ಳಬಾರದೆಂದಲ್ಲ; ತುಂಬಿದ ವರ್ಷದ ಲೆಕ್ಕದಿಂದ ಕೊಳ್ಳಬಾರದು.

ಇನ್ನೊಂದು ಐಟಿಸಿ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರಿಗೆ ಈ ಹೆಸರನ್ನು ನಾನು ಹೇಳಿಕೊಡಬೇಕಾಗಿಲ್ಲ. ಅದು ೨೦೧೮-೧೯ನೆಯ ಸಾಲಿಗೆ ಷೇರೊಂದಕ್ಕೆ ೫ ರೂಪಾಯಿ ೭೫ ಪೈಸೆ, ೨೦೨೦-೨೧ಕ್ಕೆ ೧೦ ರೂಪಾಯಿ ೭೫ ಪೈಸೆ, ೨೦೨೨-೨೩ಕ್ಕೆ ೧೫ ರೂಪಾಯಿ ೫೦ ಪೈಸೆ ಕೊಟ್ಟಿತು. ಮರು ವರ್ಷ ೧೩ ರೂಪಾಯಿ ೭೫ ಪೈಸೆ. ಇಳಿಯಿತಲ್ಲಾ ಎಂದು ಗಾಬರಿಯಾಗುವ ಮೊದಲು ಒಳಗೆ ನೋಡಿ: ಆ ೧೫ ರೂಪಾಯಿ ೫೦ ಪೈಸೆಯಲ್ಲಿ ೨ ರೂಪಾಯಿ ೭೫ ಪೈಸೆ "ವಿಶೇಷ ಡಿವಿಡೆಂಡು", ಎಂದರೆ ಆ ಒಂದು ಸಲಕ್ಕೆಂದು ಕೊಟ್ಟದ್ದು. ಅದನ್ನು ಕಳೆದರೆ ೧೨ ರೂಪಾಯಿ ೭೫ ಪೈಸೆ. ಮರು ವರ್ಷ ಒಂದು ರೂಪಾಯಿ ಏರಿದಂತಾಯಿತು. ವಿಶೇಷ ಎಂಬ ಮಾತು ಎಲ್ಲಿ ಕಂಡರೂ ಅದನ್ನು ತೆಗೆದಿಟ್ಟು ಉಳಿದದ್ದನ್ನು ಮಾತ್ರ ಇಳುವರಿಗೆ ಹಿಡಿಯಿರಿ. ಹಾಗೆಯೇ ೨೦೧೯-೨೦ರಿಂದ ಡಿವಿಡೆಂಡು ಒಮ್ಮೆಲೇ ಹಾರಿದ್ದು ಗಳಿಕೆ ದುಪ್ಪಟ್ಟಾಗಿ ಅಲ್ಲ. ಅಲ್ಲಿಯವರೆಗೆ ಡಿವಿಡೆಂಡು ಹಂಚುವ ಕಂಪನಿಯೇ ಅದರ ಮೇಲೆ ತೆರಿಗೆ ಕಟ್ಟಬೇಕಾಗಿತ್ತು. ೨೦೨೦ರ ಏಪ್ರಿಲ್ ಒಂದರಿಂದ ಆ ತೆರಿಗೆ ಹೋಗಿ, ಪಡೆದವರೇ ಕಟ್ಟುವ ಕ್ರಮ ಬಂತು. ಕಂಪನಿಯೂ ಲಾಭದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಂಚುವ ನೀತಿ ಹಿಡಿಯಿತು. ಇನ್ನು ಸಿಗರೇಟಿನ ಮೇಲೆ ಸರ್ಕಾರ ಯಾವಾಗ ಎಷ್ಟು ತೆರಿಗೆ ಹಾಕುತ್ತದೆಂಬ ಅಂಜಿಕೆ ಈ ಷೇರಿಗೆ ಸದಾ ಇದ್ದೇ ಇದೆ. ಆ ಕಸುಬಿನ ದುಡ್ಡು ಬೇಡವೆನ್ನುವವರೂ ಇದ್ದಾರೆ. ಅದು ಅವರವರ ಮನಸ್ಸಿಗೆ ಬಿಟ್ಟದ್ದು.

ಚರಿತ್ರೆ ನೋಡಿದ ಮೇಲೆ ಮೇವು ನೋಡಬೇಕು. ಕರೆಯುವ ಹಸು ತಿಂದ ಮೇವಿನಿಂದ ಹಾಲು ಕೊಡುತ್ತಿದೆಯೋ, ಮೈ ಕರಗಿಸಿ ಕೊಡುತ್ತಿದೆಯೋ ಎಂದು ಪಕ್ಕೆಲುಬು ನೋಡಿದರೆ ಗೊತ್ತಾಗುತ್ತದೆ. ಕಂಪನಿಯಲ್ಲಿ ಷೇರೊಂದಕ್ಕೆ ಗಳಿಕೆ ಎಷ್ಟು ಎಂಬ ಅಂಕಿಯನ್ನು ವಾರ್ಷಿಕ ವರದಿಯಲ್ಲಿ ಕೊಟ್ಟಿರುತ್ತಾರೆ. ಗಳಿಕೆ ೨೦ ರೂಪಾಯಿ, ಡಿವಿಡೆಂಡು ೮ ರೂಪಾಯಿ ಎಂದರೆ ನೂರಕ್ಕೆ ನಲವತ್ತು ಹಂಚಿ ಅರವತ್ತನ್ನು ಕಸುಬಿಗೆ ಉಳಿಸಿಕೊಂಡಿತು. ಒಂದು ವರ್ಷ ಗಳಿಕೆ ೧೨ಕ್ಕೆ ಇಳಿದರೂ ೮ ಕೊಡಲು ಅಡ್ಡಿಯಿಲ್ಲ. ಅದೇ ೨೦ಕ್ಕೆ ೧೯ ಹಂಚುವ ಕಂಪನಿಗೆ ಒಂದು ಸಣ್ಣ ಬರ ಬಂದರೂ ಡಿವಿಡೆಂಡು ಕತ್ತರಿಸದೆ ಗತಿಯಿಲ್ಲ. ಹೆಚ್ಚು ಯಂತ್ರ, ಹೆಚ್ಚು ಕಟ್ಟಡ ಬೇಡದ, ನಗದು ವ್ಯಾಪಾರದ ಕಸುಬುಗಳು ಹೆಚ್ಚು ಹಂಚಿದರೂ ತಡೆದುಕೊಳ್ಳುತ್ತವೆ. ಸಿಮೆಂಟು, ಉಕ್ಕಿನಂಥ ಕಸುಬುಗಳು ಹಾಗೆ ಮಾಡಿದರೆ ಸಾಲಕ್ಕೆ ಬೀಳುತ್ತವೆ. ಸಾಮಾನ್ಯವಾಗಿ ಅರ್ಧದ ಆಚೀಚೆ ಹಂಚುವ ಕಂಪನಿ ನನಗೆ ಹೆಚ್ಚು ಒಪ್ಪಿಗೆ.

ಲಾಭ ಎಂದು ಬರೆದದ್ದೆಲ್ಲಾ ಕೈಗೆ ಬಂದ ದುಡ್ಡಲ್ಲ ಎಂಬುದನ್ನು ಮಂಡಿಗೆ ಬೆಲ್ಲ ಹಾಕಿದವರಿಗೆ ಹೇಳಬೇಕಾದ್ದಿಲ್ಲ. ಚೀಟಿಯಲ್ಲಿ ಲಕ್ಷ ರೂಪಾಯಿ, ಕೈಯಲ್ಲಿ ಹತ್ತು ಸಾವಿರ. ಕಂಪನಿಯ ವರದಿಯಲ್ಲಿ ನಗದು ಹರಿವಿನ ಪಟ್ಟಿ ಎಂದು ಬೇರೆ ಇರುತ್ತದೆ. ಕಸುಬಿನಿಂದ ಬಂದ ನಗದು ವರ್ಷಾನುವರ್ಷ ಲಾಭಕ್ಕಿಂತ ತೀರಾ ಕಡಮೆಯಿದ್ದು, ಸಾಲ ಮಾತ್ರ ಏರುತ್ತಿದ್ದು, ಆದರೂ ಡಿವಿಡೆಂಡು ಕೊಡುತ್ತಿದ್ದರೆ ಅದು ಸಾಲ ತಂದು ಹಬ್ಬ ಮಾಡಿದ ಮನೆ. ವರದಿ ಇಂಗ್ಲಿಷಿನಲ್ಲಿ ಇರುತ್ತದೆಂದು ಹೆದರಬೇಡಿ. ಈ ನಾಲ್ಕು ಅಂಕಿ ಹುಡುಕಿ ಕೊಡಲು ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೋ ಹುಡುಗನೋ ಇದ್ದರೆ ಸಾಕು. ಮೇಲ್ತರದ ಸಾವಿರ ಕಂಪನಿಗಳು ತಮ್ಮ ಡಿವಿಡೆಂಡಿನ ನೀತಿ ಏನೆಂಬುದನ್ನು ಬರೆದು ಪ್ರಕಟಿಸಬೇಕೆಂದು ಸೆಬಿ ೨೦೨೧ರಲ್ಲಿ ಗೊತ್ತುಮಾಡಿದೆ. ೨೦೧೬ರಿಂದ ಅದು ಐನೂರು ಕಂಪನಿಗಳಿಗಿತ್ತು. ಸರ್ಕಾರಿ ಕಂಪನಿಗಳಿಗೆ ಬೇರೆ ಕಟ್ಟಳೆ: ೨೦೨೪ರ ನವೆಂಬರಿನಲ್ಲಿ ತಿದ್ದಿದ ನಿಯಮದಂತೆ ಲಾಭದ ನೂರಕ್ಕೆ ಮೂವತ್ತು, ಇಲ್ಲವೇ ನಿವ್ವಳ ಆಸ್ತಿಯ ನೂರಕ್ಕೆ ನಾಲ್ಕು, ಯಾವುದು ಹೆಚ್ಚೋ ಅಷ್ಟನ್ನಾದರೂ ಹಂಚಬೇಕು. ಆದ್ದರಿಂದಲೇ ಹೆಚ್ಚು ಇಳುವರಿಯ ಪಟ್ಟಿಯಲ್ಲಿ ಅವು ಎದ್ದು ಕಾಣುತ್ತವೆ.

ಇಲ್ಲೇ ಮ್ಯೂಚುಯಲ್ ಫಂಡಿನ ಒಂದು ಮಾತನ್ನೂ ಹೇಳಿಬಿಡಬೇಕು. ಹಿಂದೆ ಅದರಲ್ಲಿ "ಡಿವಿಡೆಂಡ್ ಪ್ಲಾನ್" ಎಂದು ಇತ್ತು. ತಿಂಗಳು ತಿಂಗಳು ಡಿವಿಡೆಂಡು ಎಂದು ಹೇಳಿ ಎಷ್ಟೋ ವೃದ್ಧರಿಗೆ ಮಾರಿದರು. ಬರುತ್ತಿದ್ದ ಹಣದಲ್ಲಿ ಅವರದೇ ಅಸಲೂ ಸೇರಿರುತ್ತಿತ್ತು. ಆ ಹೆಸರೇ ಜನರ ದಾರಿ ತಪ್ಪಿಸುತ್ತದೆಂದು ಸೆಬಿ ಅದನ್ನು ತೆಗೆಸಿ, ೨೦೨೧ರ ಏಪ್ರಿಲಿನಿಂದ "ವರಮಾನ ಹಂಚಿಕೆ ಹಾಗೂ ಬಂಡವಾಳ ಹಿಂಪಡೆ" ಎಂಬರ್ಥದ ಉದ್ದನೆಯ ಹೆಸರು ಇಡಿಸಿತು. ಹೆಸರು ಉದ್ದವಾದರೂ ಈಗ ನಿಜ ಹೇಳುತ್ತದೆ. ಕುಡಿಕೆಯ ಹೊನ್ನು ಎಂದೆನಲ್ಲ, ಅದು ಇದೇ.

ಇನ್ನು, ಎಷ್ಟೇ ಒಳ್ಳೆಯ ತಾಯಿಮರವಾದರೂ ಒಂದೇ ತೋಟದಲ್ಲಿ ಎಲ್ಲಾ ಇರಬಾರದು. ೨೦೨೦ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಒಂದು ಅಪ್ಪಣೆ ಹೊರಡಿಸಿತು: ಕೊರೋನಾದಿಂದ ಏನಾಗುವುದೋ ತಿಳಿಯದು, ಬ್ಯಾಂಕುಗಳು ತಮ್ಮ ಬಂಡವಾಳ ಕಾಪಾಡಿಕೊಳ್ಳಲಿ, ಮುಗಿದ ವರ್ಷದ ಲಾಭದಿಂದ ಡಿವಿಡೆಂಡು ಕೊಡಕೂಡದು ಎಂದು. ಚೆನ್ನಾಗಿ ಲಾಭ ಮಾಡಿದ ಬ್ಯಾಂಕೂ ಕೊಡುವಂತಿರಲಿಲ್ಲ. ಬ್ಯಾಂಕುಗಳು ಭದ್ರವೆಂದು ಅವುಗಳ ಷೇರನ್ನೇ ಕಟ್ಟಿಕೊಂಡಿದ್ದವರಿಗೆ ಆ ವರ್ಷ ಆ ಬಾಬಿನಿಂದ ಕಾಸೂ ಬರಲಿಲ್ಲ. ಅದೇ ವರ್ಷ ಸಾಬೂನು, ಔಷಧ, ಕಂಪ್ಯೂಟರ್ ಕೆಲಸದ ಕಂಪನಿಗಳು ಕೊಟ್ಟವು. ಹತ್ತು ಹನ್ನೆರಡು ಕಂಪನಿ, ಆರೇಳು ಬೇರೆ ಬೇರೆ ಕಸುಬು, ಯಾವುದೊಂದರಲ್ಲಿಯೂ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಬೇಡ. ಅಷ್ಟನ್ನು ನೋಡಿಕೊಳ್ಳುವ ವ್ಯವಧಾನ ಇಲ್ಲದವರು ಸೂಚ್ಯಂಕದ ಫಂಡು ಕೊಂಡು ಸುಮ್ಮನಿರುವುದು ಮೇಲು.

ಈಗ ಎಷ್ಟು ಬರುತ್ತದೆ ಎಂಬ ನೇರ ಪ್ರಶ್ನೆ. ದೇಶದ ಐವತ್ತು ದೊಡ್ಡ ಕಂಪನಿಗಳ ನಿಫ್ಟಿ ಸೂಚ್ಯಂಕದ ಸರಾಸರಿ ಇಳುವರಿ ಈಚಿನ ವರ್ಷಗಳಲ್ಲಿ ನೂರಕ್ಕೆ ಒಂದೂಕಾಲು, ಒಂದೂವರೆಯ ಆಸುಪಾಸಿನಲ್ಲಿದೆ. ಎಚ್ಚರದಿಂದ ಆರಿಸಿದರೆ ಮೂರು ಸಿಗಬಹುದು. ತಿಂಗಳಿಗೆ ಐದು ಸಾವಿರ ಬೇಕೆಂದರೆ ವರ್ಷಕ್ಕೆ ಅರವತ್ತು ಸಾವಿರ. ನೂರಕ್ಕೆ ಮೂರರಂತೆ ಅದಕ್ಕೆ ಇಪ್ಪತ್ತು ಲಕ್ಷ ಬಂಡವಾಳ ಬೇಕು. ಬ್ಯಾಂಕಿನ ಠೇವಣಿಯೇ ಇದಕ್ಕಿಂತ ಹೆಚ್ಚು ಕೊಡುತ್ತದಲ್ಲ ಎನ್ನುತ್ತೀರಿ. ಹೌದು, ಇವತ್ತು ಕೊಡುತ್ತದೆ. ಠೇವಣಿಯಲ್ಲಿ ಐದು ಲಕ್ಷದವರೆಗೆ ವಿಮೆಯೂ ಇದೆ, ಷೇರಿಗೆ ಯಾವ ವಿಮೆಯೂ ಇಲ್ಲ. ಆದರೆ ಠೇವಣಿಯ ಬಡ್ಡಿ ಬೆಳೆಯುವುದಿಲ್ಲ. ಹಿಂಡಿಯ ಬೆಲೆ, ಆಳಿನ ಕೂಲಿ, ಔಷಧದ ಬೆಲೆ ಬೆಳೆಯುತ್ತವೆ. ವರ್ಷಕ್ಕೆ ನೂರಕ್ಕೆ ಹತ್ತರಂತೆ ಡಿವಿಡೆಂಡನ್ನು ಏರಿಸುತ್ತಾ ಹೋಗುವ ಕಂಪನಿಯಾದರೆ, ಇಂದಿನ ಮೂರು ಸುಮಾರು ಏಳು ವರ್ಷಕ್ಕೆ ಆರಾಗುತ್ತದೆ, ಹದಿನಾಲ್ಕು ಹದಿನೈದು ವರ್ಷಕ್ಕೆ ಹನ್ನೆರಡು. ಎಲ್ಲಾ ಕಂಪನಿಯೂ ಹೀಗೆ ಏರಿಸುವುದಿಲ್ಲ. ಕೆಲವು ನಿಂತುಹೋಗುತ್ತವೆ, ಒಂದೆರಡು ಮುಳುಗಲೂಬಹುದು. ಆದ್ದರಿಂದ ಇದು ತೆಂಗು ಹಾಕಿದಂಥ ಕೆಲಸ, ಹುರುಳಿ ಚೆಲ್ಲಿದಂಥದ್ದಲ್ಲ. ನಲವತ್ತರ ಪ್ರಾಯದವರು ಮೊದಲ ಹತ್ತು ವರ್ಷ ಬಂದ ಡಿವಿಡೆಂಡನ್ನು ಖರ್ಚಿಗೆ ಮುಟ್ಟದೆ ಅದರಲ್ಲೇ ಇನ್ನಷ್ಟು ಷೇರು ಕೊಳ್ಳುತ್ತಾ ಹೋದರೆ ಅರವತ್ತಕ್ಕೆ ನೆರಳು ಸಿಕ್ಕೀತು.

ಮುಂದಿನ ಮುಂಗಾರಿನ ಬಿತ್ತನೆ ಗೊಬ್ಬರದ ಹಣ, ಮಗಳ ಮದುವೆಗೆಂದು ತೆಗೆದಿಟ್ಟದ್ದು, ಆಸ್ಪತ್ರೆಯ ಆಪತ್ತಿನ ಹಣ, ಇವನ್ನು ಷೇರಿಗೆ ಹಾಕತಕ್ಕದ್ದಲ್ಲ. ಬೆಳೆಸಾಲ ಎತ್ತಿ ಷೇರು ಕೊಳ್ಳುವ ಮಾತಂತೂ ಆಡಲೇಬೇಡಿ. ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಮೊದಲು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಿ, ಅರವತ್ತು ದಾಟಿದವರು ಮೂವತ್ತು ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಊಟ ಔಷಧಿಗೆ ಅದಿರಲಿ. ಐದರಲ್ಲಿ ಒಂದು ಪಾಲನ್ನು ಮಾತ್ರ ಮಗ ಷೇರಿಗೆ ಹಾಕಲಿ, ಅದೂ ಒಂದೇ ಸಲಕ್ಕೆ ಬೇಡ, ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ. ಮಗನಿಗೆ ಇದು ಸಪ್ಪೆಯಾಗಿ ಕಂಡಿತು. ಆದರೆ ಪಟ್ಟಿಯ ಮೇಲಿನ ಐದು ಕಂಪನಿಗಳ ಹತ್ತು ವರ್ಷದ ಡಿವಿಡೆಂಡು ಹುಡುಕಿ ಬರೆದು ತಾ ಎಂದೆ. ಬರೆದು ತಂದ. ಅವುಗಳಲ್ಲಿ ಮೂರು, ಹತ್ತರಲ್ಲಿ ನಾಲ್ಕು ವರ್ಷ ಏನನ್ನೂ ಕೊಟ್ಟಿರಲಿಲ್ಲ. ಅವನೇ ಆ ಮೂರಕ್ಕೆ ಗೀಟು ಹಾಕಿದ.

ಸಣ್ಣ ಸಣ್ಣ ವಿಷಯಗಳು ಇನ್ನು ಕೆಲವಿವೆ. ಡಿವಿಡೆಂಡಿಗೆ ದಾಖಲೆ ದಿನ ಎಂದು ಒಂದು ಗೊತ್ತುಮಾಡಿರುತ್ತಾರೆ. ಆ ದಿನ ಯಾರ ಖಾತೆಯಲ್ಲಿ ಷೇರಿದೆಯೋ ಅವರಿಗೆ ಹಣ. ಹಿಂದಿನ ದಿನ ಕೊಂಡು ಮರುದಿನ ಮಾರಿದರೆ ಲಾಭವಲ್ಲವೇ ಎಂಬ ಜಾಣರುಂಟು. ಕಾಯಿ ಕೆಡವಿದ ಮೇಲೆ ತೋಟದ ಬೆಲೆ ಅಷ್ಟು ಇಳಿಯುವ ಹಾಗೆ, ಆ ದಿನ ಷೇರಿನ ಬೆಲೆಯೂ ಹೆಚ್ಚುಕಡಮೆ ಡಿವಿಡೆಂಡಿನಷ್ಟೇ ಇಳಿದು ನಿಲ್ಲುತ್ತದೆ. ದಲ್ಲಾಳಿ ಖರ್ಚು ಮೈಮೇಲೆ. ವಾಟ್ಸಾಪಿನಲ್ಲಿ ತಿಂಗಳಿಗೆ ನೂರಕ್ಕೆ ಮೂರು "ಗ್ಯಾರಂಟಿ" ಡಿವಿಡೆಂಡು ಎಂದು ಬರುವುದರ ಬಗ್ಗೆ ಹೆಚ್ಚು ಮಾತು ಬೇಡ: ಷೇರಿನ ಡಿವಿಡೆಂಡಿಗೆ ಗ್ಯಾರಂಟಿ ಕೊಡಲು ಯಾವ ಕಂಪನಿಗೂ ಬರುವುದಿಲ್ಲ, ಕೊಡುತ್ತೇನೆಂದವನು ಕಳ್ಳ.

ತೆರಿಗೆಯ ವಿಷಯದಲ್ಲಿ ರೈತರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ಚಹಾ ತೋಟದ, ಕಾಫಿ ತೋಟದ ಕಂಪನಿ ಷೇರಿನಿಂದ ಬಂದದ್ದಕ್ಕೂ ಇಲ್ಲ ಎಂದು. ಈ ಪ್ರಶ್ನೆ ಬಹು ಹಿಂದೆಯೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬಾಚಾ ಗುಜ್ದಾರ್ ಎಂಬ ಮುಂಬಯಿಯ ಮಹಿಳೆಯೊಬ್ಬರು ಚಹಾ ಕಂಪನಿಗಳ ಷೇರು ಹೊಂದಿದ್ದರು. ಆ ಕಂಪನಿಗಳ ವರಮಾನದಲ್ಲಿ ನೂರಕ್ಕೆ ಅರವತ್ತು ಪಾಲು ಬೇಸಾಯದ್ದೆಂದು ತೆರಿಗೆಯಿಂದ ಬಿಟ್ಟಿದ್ದರು. ಹಾಗಾದರೆ ನನ್ನ ಡಿವಿಡೆಂಡಿನಲ್ಲೂ ಅಷ್ಟು ಪಾಲು ಬೇಸಾಯದ್ದೇ ತಾನೇ ಎಂಬುದು ಅವರ ವಾದ. ೧೯೫೪ರಲ್ಲಿ ಕೋರ್ಟು ಒಪ್ಪಲಿಲ್ಲ. ಷೇರುದಾರ ಕಂಪನಿಯ ಜಮೀನಿಗೆ ಒಡೆಯನಲ್ಲ, ಅವನಿಗೆ ಬರುವ ಡಿವಿಡೆಂಡು ಹುಟ್ಟುವುದು ಷೇರಿನಿಂದ, ನೆಲದಿಂದಲ್ಲ ಎಂದಿತು. ಇವತ್ತಿಗೂ ಅದೇ ನಡೆದಿದೆ. ಡಿವಿಡೆಂಡು ತಮ್ಮ ಇತರ ವರಮಾನಕ್ಕೆ ಸೇರಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಒಂದು ಕಂಪನಿಯಿಂದ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಬಂದರೆ ಅವರೇ ನೂರಕ್ಕೆ ಹತ್ತು ಹಿಡಿದು ಕಳಿಸುತ್ತಾರೆ. ಪ್ಯಾನ್ ಕೊಟ್ಟಿಲ್ಲದಿದ್ದರೆ ಇಪ್ಪತ್ತು. ತೆರಿಗೆ ಬರುವಷ್ಟು ವರಮಾನ ಇಲ್ಲದವರು ಹಾಗೆಂದು ಮೊದಲೇ ಫಾರಂ ಬರೆದುಕೊಟ್ಟರೆ ಹಿಡಿಯುವುದಿಲ್ಲ. ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು.

ಕಡೆಯದಾಗಿ ಖಾತೆಯ ವಿಷಯ. ಡಿಮ್ಯಾಟ್ ಖಾತೆ ತೆರೆಯುವಾಗ ಬ್ಯಾಂಕಿನ ಖಾತೆ ಸರಿಯಾಗಿ ಜೋಡಿಸಿ. ಡಿವಿಡೆಂಡು ಸಾರಿದ ಮೂವತ್ತು ದಿನದೊಳಗೆ ಹಣ ಅಲ್ಲಿಗೇ ಬಂದು ಬೀಳಬೇಕು. ಬರದಿದ್ದರೆ ಕಂಪನಿಯ ರಿಜಿಸ್ಟ್ರಾರರಿಗೆ ಬರೆಯಿರಿ. ಏಳು ವರ್ಷ ಯಾರೂ ಕೇಳದೆ ಉಳಿದ ಡಿವಿಡೆಂಡು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಏಳು ವರ್ಷವೂ ಒಂದೇ ಸಮನೆ ಕೇಳದಿದ್ದರೆ ಷೇರೂ ಹಿಂದೆಯೇ ಹೋಗುತ್ತದೆ. ವಾರಸುದಾರರು ಅರ್ಜಿ ಹಾಕಿ ಹಿಂದಕ್ಕೆ ಪಡೆಯಬಹುದು, ಆದರೆ ಓಡಾಟ ಬಹಳ. ಅಜ್ಜನ ಟ್ರಂಕಿನಲ್ಲಿ ಹಳೆಯ ಕಾಗದದ ಷೇರುಪತ್ರಗಳಿದ್ದರೆ ಅವನ್ನೂ ಈಗಲೇ ತೆಗೆದು ನೋಡಿ. ೨೦೧೯ರ ಏಪ್ರಿಲಿನಿಂದ ಕಾಗದದ ಷೇರುಗಳನ್ನು ಮಾರಿ ಇನ್ನೊಬ್ಬರ ಹೆಸರಿಗೆ ಮಾಡಲು ಬರುವುದಿಲ್ಲ, ಡಿಮ್ಯಾಟಿಗೆ ತರಬೇಕು. ಖಾತೆಗೆ ನಾಮಿನಿ ಹೆಸರು ಬರೆಸಿ. ಯಾವ ಕಂಪನಿಯ ಎಷ್ಟು ಷೇರು, ಯಾವ ಬ್ಯಾಂಕು, ಯಾವ ಫೋನ್ ನಂಬರಿಗೆ ಸಂದೇಶ ಬರುತ್ತದೆ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಪಹಣಿ ಇಡುವ ಕಡೆಯೇ ಇಟ್ಟು, ಮನೆಯಾಕೆಗೆ ತೋರಿಸಿ ಓದಿ ಹೇಳಿ.